ಅಂಗೈಯ ಗಣಕಯಂತ್ರವೂ ಗೃಹಕೃತ್ಯವೂ

ನಮ್ಮ ಹಿರಿಯರ ಮನೆಗಳಲ್ಲಿ ಲೆಕ್ಕಕ್ಕೆ ಒಂದು ಪುಸ್ತಕ, ಕಾಗದಪತ್ರಗಳಿಗೆ ಒಂದು ಸಂದೂಕ, ತಿಥಿವಾರಗಳಿಗೆ ಒಂದು ಪಂಚಾಂಗ, ಇವು ಮೂರು ಇದ್ದರೆ ಸಂಸಾರದ ವ್ಯವಹಾರ ಸಾಗುತ್ತಿದ್ದಿತು. ಈಗ ಆ ಮೂರರ ಕೆಲಸವನ್ನೂ, ಇನ್ನೂ ಮೂವತ್ತು ಬಗೆಯ ಕೆಲಸಗಳನ್ನೂ, ಬೆರಳಿನಿಂದ ಮುಟ್ಟಿದರೆ ನಡೆಯುವ ಒಂದು ಗಾಜಿನ ಹಲಗೆಯೇ ಮಾಡಿಕೊಡುವುದೆಂದು ಹೇಳುತ್ತಾರೆ. ಜೇಬಿನಲ್ಲಿ ಅಡಗುವ ಮೊಬೈಲು, ಮಕ್ಕಳ ಸ್ಲೇಟಿನಷ್ಟಿರುವ ಟ್ಯಾಬ್ಲೆಟ್ಟು, ಇವೆರಡೂ ನಿಜವಾಗಿ ಗಣಕಯಂತ್ರಗಳೇ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ಒಕ್ಕಲು ಮನೆಗಳಲ್ಲಿಯೂ ಅವು ಈಗ ಅಪರೂಪವಲ್ಲ. ಆದರೆ ವಸ್ತುವು ಮನೆಗೆ ಬಂದಿತೆಂಬುದು ಬೇರೆ, ಮನೆಗೆ ಒದಗಿತೆಂಬುದು ಬೇರೆ. ಯಾವ ಕೆಲಸಕ್ಕೆ ಇದನ್ನು ನಂಬಬಹುದು, ಯಾವುದಕ್ಕೆ ನಂಬಬಾರದು ಎಂಬುದನ್ನು ವಿಚಾರಿಸುವುದು ಪ್ರತಿಯೊಬ್ಬ ಗೃಹಸ್ಥನಿಗೂ ಗೃಹಿಣಿಗೂ ಅವಶ್ಯಕ.

ಇಂತಹ ಯಂತ್ರವನ್ನು ಸಾಮಾನ್ಯ ಜನರಿಗಾಗಿಯೇ ಮಾಡಬೇಕೆಂಬ ಪ್ರಯತ್ನವು ನಮ್ಮ ನಾಡಿನಲ್ಲಿಯೇ ನಡೆಯಿತೆಂಬುದನ್ನು ವಾಚಕರು ಮರೆಯಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಇವರೂ, ಎನ್‌ಕೋರ್ ಸಾಫ್ಟ್‌ವೇರ್ ಎಂಬ ಸಂಸ್ಥೆಯವರೂ ಕೂಡಿ ‘ಸಿಂಪ್ಯೂಟರ್’ ಎಂಬ ಅಂಗೈಯ ಗಣಕಯಂತ್ರವನ್ನು ಕಲ್ಪಿಸಿ, 2001ನೆಯ ಇಸವಿಯಲ್ಲಿ ಅದರ ಮಾದರಿಯನ್ನು ಪ್ರಕಟಪಡಿಸಿದರು. ಕಡ್ಡಿಯಿಂದ ಮುಟ್ಟಿ ನಡೆಸುವ ಆ ಯಂತ್ರವು ಬರೆದುದನ್ನು ದೇಶಭಾಷೆಗಳಲ್ಲಿ ಓದಿ ಹೇಳಬೇಕೆಂಬುದು ಅವರ ಗುರಿ. ಓದು ಬಾರದವರಿಗೂ ಅದು ಉಪಯೋಗವಾಗಬೇಕಾಗಿದ್ದಿತು. ಪ್ರತಿಯೊಬ್ಬರೂ ಕೊಳ್ಳಲಾರರೆಂದು ಬಲ್ಲ ಅವರು, ಊರಿಗೆ ಒಂದು ಯಂತ್ರವಿದ್ದು ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಕಾರ್ಡು ಇದ್ದರೆ ಸಾಕೆಂಬ ಏರ್ಪಾಡನ್ನೂ ಮಾಡಿದ್ದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಮೂಲಕ ಇದು ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದಿತು. ಕರ್ನಾಟಕ ಸರ್ಕಾರವು ಭೂದಾಖಲೆಯ ಕೆಲಸದಲ್ಲಿ ಇದನ್ನು ಪ್ರಯೋಗಿಸಿ ನೋಡಿತು. ಆದರೂ ಅದು ಮನೆಮನೆಯ ವಸ್ತುವಾಗಲಿಲ್ಲ. ಹತ್ತು ಸಾವಿರ ರೂಪಾಯಿಗಳ ಸಮೀಪದ ಬೆಲೆ ಬಡವರಿಗೆ ಹೆಚ್ಚಾಯಿತು. ಅಷ್ಟರಲ್ಲಿ ಅಗ್ಗದ ಮೊಬೈಲು ಬಂದು, ಜನರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದ ದೂರದ ಮಾತುಕತೆಯನ್ನು ಒದಗಿಸಿತು. ಯಂತ್ರದ ಜಾಣ್ಮೆಗಿಂತ ಅದು ನೀಗಿಸುವ ಕೊರತೆಯೇ ಮುಖ್ಯವೆಂಬ ಪಾಠವು ಇದರಿಂದ ತಿಳಿಯತಕ್ಕದ್ದಾಗಿದೆ.

ಹಾಗಾದರೆ ನಮ್ಮ ಸೀಮೆಯಲ್ಲಿ ಈ ಯಂತ್ರವು ನೀಗಿಸುವ ಕೊರತೆ ಯಾವುದು? ಮೊದಲನೆಯದು ಪಹಣಿಯ ವಿಷಯ. ಹೊಲದಲ್ಲಿ ಯಾವ ಬೆಳೆ ಇದೆ ಎಂಬುದನ್ನು ರೈತನು ತಾನೇ ಮೊಬೈಲಿನಲ್ಲಿ ಚಿತ್ರ ತೆಗೆದು ದಾಖಲು ಮಾಡುವ ಪದ್ಧತಿ 2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ಬಂದಿದೆ. ಬೆಳೆಹಾನಿಯ ಪರಿಹಾರಕ್ಕೂ, ಬೆಳೆವಿಮೆಗೂ, ಬೆಂಬಲ ಬೆಲೆಯ ಖರೀದಿಗೂ ಈ ದಾಖಲೆಯೇ ಆಧಾರ. ರಾಗಿ ಬೆಳೆದವನ ಹೊಲದಲ್ಲಿ ಮತ್ತೊಂದು ಬೆಳೆಯ ಹೆಸರು ಬಿದ್ದಿದ್ದರೆ, ಮೂಟೆ ಹೊತ್ತು ಖರೀದಿ ಕೇಂದ್ರಕ್ಕೆ ಹೋದ ದಿನ ತಕರಾರು ತಪ್ಪದು. ಹೊಲದ ಬದುವಿನಲ್ಲಿ ನಿಂತು, ಸರ್ವೆ ನಂಬರು ನೋಡಿ, ಚಿತ್ರ ತೆಗೆದು, ಹೆಸರು ಗುರುತಿಸುವುದು ಕಾಲು ಗಂಟೆಯ ಕೆಲಸ. ಮೇಜಿನ ಮೇಲಿನ ದೊಡ್ಡ ಗಣಕಯಂತ್ರಕ್ಕೆ ಇದು ಸಾಧ್ಯವಿಲ್ಲ. ಹೊಲಕ್ಕೆ ಹೋಗಬಲ್ಲ ಯಂತ್ರವೇ ಇಲ್ಲಿ ಬೇಕು.

ಇದರಂತೆಯೇ ನೋಡುವ, ಕೇಳುವ, ತೋರಿಸುವ ಕೆಲಸಗಳೆಲ್ಲಕ್ಕೂ ಇದು ಬಹಳ ಅನುಕೂಲ. ಎಲೆಯ ಮೇಲಿನ ರೋಗದ ಚಿಹ್ನೆಯನ್ನು ಕೃಷಿ ಅಧಿಕಾರಿಗಳಿಗೆ ಚಿತ್ರದ ಮೂಲಕ ತೋರಿಸುವುದು, ದೂರದಲ್ಲಿರುವ ಮಗಳ ಮುಖ ಕಂಡು ಮಾತನಾಡುವುದು, ವೈದ್ಯರು ಬರೆದ ಚೀಟಿಯ ಪ್ರತಿಯನ್ನು ಕಾಪಾಡುವುದು, ಬಸ್ಸಿನ ವೇಳೆ ತಿಳಿಯುವುದು, ಇವುಗಳಿಗೆ ಇದಕ್ಕಿಂತ ಸುಲಭವಾದ ಸಾಧನವಿಲ್ಲ. ವಿದ್ಯುತ್ತಿನ ಖರ್ಚೂ ಅತ್ಯಲ್ಪ. ಒಂದು ಯೂನಿಟ್ಟಿನಲ್ಲಿ ಸಾಧಾರಣ ಟ್ಯಾಬ್ಲೆಟ್ಟನ್ನು 25 ಸಲವಾದರೂ ಪೂರ್ತಿ ತುಂಬಿಸಬಹುದು. ಅಕ್ಷರ ಕೂಡಿಸುವುದು ಕಷ್ಟವೆನ್ನುವ ವೃದ್ಧರಿಗೂ ಈಗ ದಾರಿಯುಂಟು. 2017ರಲ್ಲಿ ಗೂಗಲ್ ಸಂಸ್ಥೆಯವರು ಕನ್ನಡದಲ್ಲಿ ಮಾತನಾಡಿದರೆ ಅದನ್ನು ಅಕ್ಷರವಾಗಿಸುವ ಸೌಲಭ್ಯವನ್ನು ಒದಗಿಸಿದರು. ಆದರೂ ಹಾಗೆ ಮೂಡಿದ ಬರಹವನ್ನು ಒಮ್ಮೆ ಓದಿ ತಿದ್ದದೆ ಕಳುಹಿಸಬಾರದು. ಹೆಸರುಗಳಲ್ಲಿಯೂ ಅಂಕಿಗಳಲ್ಲಿಯೂ ತಪ್ಪು ಬೀಳುವುದು ಹೆಚ್ಚು.

ಇನ್ನು ದೋಷಗಳನ್ನು ನೋಡೋಣ. ಈಗಿನ ಗಾಜು ಬೆರಳಿನ ಒತ್ತಡವನ್ನು ಅರಿಯುವುದಿಲ್ಲ. ಗಾಜಿನ ಅಡಿಯಲ್ಲಿರುವ ಅತಿ ಸೂಕ್ಷ್ಮವಾದ ವಿದ್ಯುತ್ ಕ್ಷೇತ್ರದಲ್ಲಿ ಬೆರಳಿನಿಂದಾಗುವ ವ್ಯತ್ಯಾಸವನ್ನು ಅದು ಅರಿಯುತ್ತದೆ. ನೀರು ಬಿದ್ದರೂ ಇದೇ ವ್ಯತ್ಯಾಸವಾಗುವುದರಿಂದ, ಒದ್ದೆ ಕೈಗೆ ಅದು ಸರಿಯಾಗಿ ಓಗೊಡುವುದಿಲ್ಲ. ಪಾತ್ರೆ ತೊಳೆಯುತ್ತಿರುವವಳಿಗೂ, ಕೃಷ್ಣರಾಜನಗರದ ಗದ್ದೆಯಲ್ಲಿ ನಾಟಿ ಮಾಡುತ್ತಿರುವವಳಿಗೂ, ಹುಣಸೂರು ಪಿರಿಯಾಪಟ್ಟಣಗಳ ಹೊಲದಲ್ಲಿ ಹೊಗೆಸೊಪ್ಪು ಮುರಿದು ಕೈಗೆಲ್ಲ ಅಂಟು ಮೆತ್ತಿಕೊಂಡವಳಿಗೂ ಇದು ಆ ಗಳಿಗೆಯಲ್ಲಿ ಉಪಯೋಗಕ್ಕೆ ಬಾರದು. ನಡುಹಗಲ ಬಿಸಿಲಿನಲ್ಲಿ ಅಕ್ಷರಗಳೂ ಮಂಕಾಗಿ ತೋರುವುವು. ಆದುದರಿಂದ ಹೊಲದ ಕೆಲಸವನ್ನು ಬೆಳಗಿನಲ್ಲಿ ಅಥವಾ ಇಳಿಹೊತ್ತಿನಲ್ಲಿ, ಕೈ ಒರೆಸಿಕೊಂಡು ಮಾಡುವುದು ಮೇಲು.

ಎರಡನೆಯ ದೋಷವು ಯಂತ್ರದ್ದಲ್ಲ, ಸಿಗ್ನಲ್ಲಿನದು. ಇಲ್ಲಿ ಒಂದು ಭೇದವನ್ನು ತಿಳಿಯಬೇಕು. ಕೆಲವು ಕೆಲಸಗಳನ್ನು ಈಗ ಬರೆದಿಟ್ಟು ಆಮೇಲೆ ಕಳುಹಿಸಬಹುದು. ಕೆಲವು ಆ ಕ್ಷಣದಲ್ಲಿಯೇ ದೂರದ ಕಚೇರಿಯೊಡನೆ ಸಂಪರ್ಕವಾದ ಹೊರತು ನಡೆಯಲಾರವು. 2018ರ ಹುಲಿ ಗಣತಿಯಲ್ಲಿ ದೇಶದ ಅರಣ್ಯ ಸಿಬ್ಬಂದಿಯವರು ಕಾಗದಕ್ಕೆ ಬದಲಾಗಿ ಮೊಬೈಲನ್ನು ಹಿಡಿದು ಹೆಜ್ಜೆಗುರುತುಗಳನ್ನು ದಾಖಲು ಮಾಡಿದರು. ನಾಗರಹೊಳೆಯಂತಹ ಕಾಡಿನ ನಡುವೆ ಸಿಗ್ನಲ್ ಇಲ್ಲದಿದ್ದರೂ ಅಂತಹ ಕೆಲಸ ನಿಲ್ಲಬೇಕಾಗಿಲ್ಲ. ತಾನಿರುವ ಸ್ಥಳವನ್ನು ಯಂತ್ರವು ಆಕಾಶದ ಉಪಗ್ರಹಗಳಿಂದ ತಿಳಿದು ಬರೆದಿಟ್ಟುಕೊಳ್ಳುವುದು, ಕಚೇರಿಗೆ ಬಂದ ಮೇಲೆ ಎಲ್ಲವನ್ನೂ ಒಪ್ಪಿಸಬಹುದು. ಆದರೆ ಪಡಿತರದ ಅಂಗಡಿಯಲ್ಲಿ ಬೆರಳಚ್ಚು ಕೊಡುವುದು ಹಾಗಲ್ಲ. ಸಂಪರ್ಕವಿಲ್ಲದಿದ್ದರೆ ಕಾಯಬೇಕು; ದುಡಿದು ದುಡಿದು ಬೆರಳಿನ ಗೆರೆ ಸವೆದವರಿಗಂತೂ ಎರಡರಷ್ಟು ಕಷ್ಟ. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಯವರು ಇದಕ್ಕಾಗಿ ಒಂದು ದಿನದ ಕೂಲಿ ಕಳೆದುಕೊಂಡರೆ ಅದು ಸಣ್ಣ ನಷ್ಟವಲ್ಲ. ಮೊದಲನೆಯ ಬಗೆಯ ಕೆಲಸಕ್ಕೆ ಈ ಯಂತ್ರ ಎಲ್ಲಿಯೂ ಸಲ್ಲುವುದು; ಎರಡನೆಯ ಬಗೆಯದಕ್ಕೆ ಸರ್ಕಾರವು ಬೇರೊಂದು ದಾರಿಯನ್ನೂ ತೆರೆದಿಡಬೇಕಾದುದು ನ್ಯಾಯ.

ಮೂರನೆಯ ವಿಷಯ ಗೃಹಿಣಿಯರಿಗೆ ಸಂಬಂಧಪಟ್ಟದ್ದು. 2023ನೆಯ ಇಸವಿ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾಯಿತು. ಮನೆಯೊಡತಿಯ ಖಾತೆಗೆ ತಿಂಗಳಿಗೆ 2000 ರೂಪಾಯಿಗಳನ್ನು ಸಲ್ಲಿಸುವುದು ಅದರ ಉದ್ದೇಶ. ಹಣ ಬಂದ ಸಮಾಚಾರವು ಖಾತೆಗೆ ಜೋಡಿಸಿದ ಮೊಬೈಲಿಗೆ ಹೋಗುತ್ತದೆ. ಮನೆಗೆ ಒಂದೇ ಮೊಬೈಲು ಇದ್ದು, ಅದು ಯಜಮಾನನ ಜೇಬಿನಲ್ಲಿ ಹೊಗೆಸೊಪ್ಪಿನ ಹರಾಜುಕಟ್ಟೆಗೋ ಸಂತೆಗೋ ಹೋದರೆ, ಹಣ ತನ್ನದಾದರೂ ಸುದ್ದಿ ತನ್ನದಲ್ಲವಾಗುತ್ತದೆ. ಹೊಸದಾಗಿ ದುಬಾರಿಯ ಯಂತ್ರವೊಂದನ್ನು ಕೊಳ್ಳುವುದಕ್ಕಿಂತ, ಸಾಧಾರಣವಾದ ಎರಡನೆಯ ಮೊಬೈಲನ್ನು ಮನೆಯೊಡತಿಯ ಹೆಸರಿಗೆ ಕೊಳ್ಳುವುದು ಅನೇಕ ಸಂಸಾರಗಳಿಗೆ ಹೆಚ್ಚು ಲಾಭಕರ. ಒ.ಟಿ.ಪಿ. ಎಂಬ ಗುಟ್ಟಿನ ಸಂಖ್ಯೆಯನ್ನು, ಕೇಳಿದವರು ಬ್ಯಾಂಕಿನವರೆಂದು ಹೇಳಿಕೊಂಡರೂ, ಯಾರಿಗೂ ತಿಳಿಸಬಾರದೆಂಬುದನ್ನು ಆಕೆಗೆ ಮೊದಲು ಕಲಿಸಬೇಕು. ಮೋಸವಾದರೆ ತಡಮಾಡದೆ 1930 ಎಂಬ ಸಂಖ್ಯೆಗೆ ತಿಳಿಸಬೇಕು.

ದೀರ್ಘವಾದ ಬರವಣಿಗೆಗೂ, ವರ್ಷವಿಡೀ ನಡೆಯುವ ಲೆಕ್ಕಕ್ಕೂ ಈ ಗಾಜಿನ ಹಲಗೆ ತಕ್ಕುದಲ್ಲ. ಬೆರಳಿನಿಂದ ಒತ್ತೊತ್ತಿ ಒಂದು ಪುಟ ಬರೆಯುವುದರಲ್ಲಿ ಕಣ್ಣೂ ಕತ್ತೂ ಸೋಲುವುವು. ಬ್ಯಾರನ್ನಿನ ಸೌದೆಗೆಷ್ಟು, ಕೂಲಿಗೆಷ್ಟು, ಗೊಬ್ಬರಕ್ಕೆಷ್ಟು, ಡೇರಿಗೆ ಹಾಕಿದ ಹಾಲಿನಿಂದ ಬಂದುದೆಷ್ಟು ಎಂಬುದನ್ನು ಒಂದೇ ನೋಟಕ್ಕೆ ತೋರಿಸುವುದರಲ್ಲಿ ಹಳೆಯ ಲೆಕ್ಕದ ಪುಸ್ತಕವೇ ಉತ್ತಮ. ಅದನ್ನು ಮನೆಯವರೆಲ್ಲರೂ ಬಿಡಿಸಿ ನೋಡಬಹುದು, ಗುಟ್ಟಿನ ಸಂಖ್ಯೆ ಬೇಕಿಲ್ಲ. ಮಕ್ಕಳ ಪಾಠಕ್ಕಾದರೆ ಮೊಬೈಲಿಗಿಂತ ದೊಡ್ಡ ಹಲಗೆಯ ಟ್ಯಾಬ್ಲೆಟ್ಟು ಕಣ್ಣಿಗೆ ಹಿತ. ಆದರೆ ಅದು ನಡುಮನೆಯಲ್ಲಿ ಹಿರಿಯರ ಎದುರಿಗೆ ಇರತಕ್ಕದ್ದು.

ಒಟ್ಟಿನಲ್ಲಿ ಹೇಳಬೇಕಾದುದಿಷ್ಟು. ಕಾಣಬೇಕಾದ, ಕೇಳಬೇಕಾದ, ನಿಂತಲ್ಲಿಯೇ ಗುರುತಿಸಬೇಕಾದ ಕೆಲಸಕ್ಕೆ ಅಂಗೈಯ ಗಣಕಯಂತ್ರವನ್ನು ಧಾರಾಳವಾಗಿ ಬಳಸಬಹುದು. ಹಕ್ಕಿಗೂ ಹಣಕ್ಕೂ ಸಂಬಂಧಪಟ್ಟ ಸಂಗತಿಯನ್ನು ಮಾತ್ರ ಅದರೊಳಗೆ ಬಿಟ್ಟು ಸುಮ್ಮನಿರಬಾರದು. ಬೆಳೆಯ ದಾಖಲೆ ಸರಿಯಾಯಿತೇ ಎಂದು ಪಹಣಿಯ ಪ್ರತಿ ತೆಗೆಸಿ ನೋಡುವುದು, ಹಣದ ಸುದ್ದಿಯನ್ನು ಪಾಸ್‌ಪುಸ್ತಕದಲ್ಲಿ ಬರೆಸುವುದು, ಮುಖ್ಯವಾದ ರಸೀತಿಯನ್ನು ಕಾಗದದ ಮೇಲೆ ಪಡೆಯುವುದು, ಇವು ಮೂರನ್ನು ತಪ್ಪದೆ ನಡೆಸಬೇಕು. ಯಂತ್ರ ಕೆಳಗೆ ಬಿದ್ದು ಒಡೆಯಬಹುದು, ಕಳೆದುಹೋಗಬಹುದು, ನಾಲ್ಕು ವರ್ಷಕ್ಕೆ ಹಳತಾಗಬಹುದು. ಸಂದೂಕದಲ್ಲಿರುವ ಕಾಗದವನ್ನು ಮಕ್ಕಳು ಮುಂದೊಂದು ದಿನ ತೆಗೆದು ಓದಬಲ್ಲರು. ಆದುದರಿಂದ ಹೊಸ ಹಲಗೆಯನ್ನು ಮನೆಗೆ ತಂದವರು ಹಳೆಯ ಸಂದೂಕವನ್ನು ಅಟ್ಟಕ್ಕೆ ಏರಿಸದಿರುವುದು ಕ್ಷೇಮ.