ಕಾರವಾರದ ಹಡಗಿನ ಹಿಮದ ಲೆಕ್ಕ

ಪುಷ್ಯ ಮಾಸದಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಬರುವ ರೈತರು ಕಂಬಳಿ ಹೊದ್ದು, ಬೆಂಕಿ ಹಾಕಿ ಚಳಿ ಕಾಯಿಸಿಕೊಳ್ಳುತ್ತಾರೆ. ದೊಡ್ಡಬಳ್ಳಾಪುರದ ಸೀಮೆಗೆ ಚಳಿಯೆಂದರೆ ಅಷ್ಟೇ. ಕಾರವಾರದಲ್ಲಂತೂ ಅಷ್ಟೂ ಇಲ್ಲ. ಆದರೆ ಅಲ್ಲಿನ ಕದಂಬ ನೌಕಾನೆಲೆಯನ್ನು ಮನೆ ಮಾಡಿಕೊಂಡಿರುವ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯ ಯಾವಾಗ ಇಲ್ಲಿಗೆ ಬರಬೇಕೆಂಬುದನ್ನು ಕೊನೆಗೆ ತೀರ್ಮಾನಿಸಿದ್ದು ಉತ್ತರ ಧ್ರುವವೃತ್ತದ ಮಗ್ಗುಲಿನ ಮಂಜುಗಡ್ಡೆ. ಈ ಹಡಗಿನ ಕಥೆ ಹೇಳುವವರೆಲ್ಲ ಕೋಟಿಗಳ ಲೆಕ್ಕ ಹೇಳುತ್ತಾರೆ, ಪೈಲಟ್‌ಗಳ ಸಾಹಸ ಹೇಳುತ್ತಾರೆ. ಚಳಿಯ ಲೆಕ್ಕವನ್ನೂ, ಆ ಚಳಿಯಲ್ಲಿ ಡೆಕ್ಕಿನ ಮೇಲೆ ನಿಂತು ದುಡಿಯುವವರ ಲೆಕ್ಕವನ್ನೂ ಯಾರೂ ಇಟ್ಟಿಲ್ಲ. ಅದಿಲ್ಲದೆ ಈ ಕಥೆ ಅರ್ಧವೇ.

ಸೋವಿಯತ್ ನೌಕಾಪಡೆಗೆ 1987ರಲ್ಲಿ 'ಬಾಕು' ಎಂಬ ಹೆಸರಲ್ಲಿ ಸೇರಿ, ಮುಂದೆ 'ಅಡ್ಮಿರಲ್ ಗೋರ್ಷ್‌ಕೋವ್' ಆದ ಹಡಗು ಇದು. 2004ರ ಜನವರಿಯಲ್ಲಿ ಭಾರತ ಒಪ್ಪಂದಕ್ಕೆ ಸಹಿ ಹಾಕಿತು. ಆಮೇಲಿನ ಬೆಲೆಯ ಜಗ್ಗಾಟದ ವರ್ಷಗಳನ್ನು ದಾಟಿ 2012ಕ್ಕೆ ಬರೋಣ. ಆ ಜೂನ್‌ನಲ್ಲಿ ಶ್ವೇತ ಸಮುದ್ರದ ದಡದ ಸೆವೆರೊದ್ವಿನ್ಸ್ಕ್‌ನಿಂದ ಹಡಗು ಪರೀಕ್ಷೆಗೆ ಹೊರಟಿತು. ಜುಲೈನಲ್ಲಿ ಮಿಗ್-29ಕೆ ಯುದ್ಧವಿಮಾನ ಅದರ ಮೇಲೆ ಇಳಿಯಿತು. ಸೆಪ್ಟೆಂಬರ್‌ನಲ್ಲಿ ಪೂರ್ಣ ವೇಗಕ್ಕೆ ಓಡಿಸಿದಾಗ ಎಂಟು ಬಾಯ್ಲರ್‌ಗಳಲ್ಲಿ ಏಳು ಕೆಟ್ಟವು. ಕೂಡಲೇ ಜಗಳ ಶುರುವಾಯಿತು. ಬಾಯ್ಲರ್‌ಗಳ ಶಾಖ ತಡೆಯಲು ಕಲ್ನಾರು ಬಳಸುವುದು ಬೇಡ, ಅದು ಆರೋಗ್ಯಕ್ಕೆ ಕೆಡುಕು ಎಂದು ಭಾರತ ಪಟ್ಟು ಹಿಡಿದಿತ್ತು. ಬದಲಿಗೆ ಹಾಕಿದ ಶಾಖನಿರೋಧಕ ಇಟ್ಟಿಗೆ ತಾಳಲಿಲ್ಲ. ಕಲ್ನಾರು ಬೇಡವೆಂದದ್ದೇ ತಪ್ಪು ಎಂದಿತು ರಷ್ಯಾದ ಕಡೆ. ಇಟ್ಟಿಗೆ ಚೀನಾದ್ದು, ಅದಕ್ಕೇ ಹೀಗಾಯಿತು ಎಂಬ ಮಾತೂ ಅಲ್ಲಿಂದಲೇ ಬಂತು. ಅಂಥದ್ದೇನನ್ನೂ ನಾವು ಮಾರಿಲ್ಲ ಎಂದು ಚೀನಾ ತಳ್ಳಿಹಾಕಿತು. ಮೂರು ದೇಶಗಳು ಇಟ್ಟಿಗೆಯೊಂದರ ಸುತ್ತ ವಾದಕ್ಕಿಳಿದಿದ್ದಾಗ ಚಳಿಗಾಲ ಬಾಗಿಲಿಗೆ ಬಂದಿತ್ತು. ಶ್ವೇತ ಸಮುದ್ರ ಹೆಪ್ಪುಗಟ್ಟಿದರೆ ವಸಂತದವರೆಗೆ ಪರೀಕ್ಷೆಯ ಮಾತಿಲ್ಲ. 2012ರ ಡಿಸೆಂಬರ್‌ಗೆ ಕೈಸೇರಬೇಕಿದ್ದ ಹಡಗು ಹೀಗೆ ಒಂದು ವರ್ಷ ಹಿಂದೆ ಬಿತ್ತು. ಕೆಡಿಸಿದ್ದು ಇಟ್ಟಿಗೆಯಾದರೂ ತಡೆದು ನಿಲ್ಲಿಸಿದ್ದು ಹಿಮ.

ಚಳಿ ವಿಮಾನವಾಹಕ ನೌಕೆಗೆ ಆಕಸ್ಮಿಕವಾಗಿ ಎದುರಾಗುವ ಹವೆಯಲ್ಲ; ನೌಕೆಯ ಕೆಲಸವೇ ಚಳಿಯನ್ನು ಹೆಚ್ಚಿಸುತ್ತದೆ. ವಿಮಾನ ಹಾರಿಸಲು, ಇಳಿಸಿಕೊಳ್ಳಲು ಹಡಗು ಬೇಕೆಂದೇ ಗಾಳಿಗೆ ಎದುರಾಗಿ ಓಡುತ್ತದೆ. ಸೊನ್ನೆಗಿಂತ ಐದು ಡಿಗ್ರಿ ಕೆಳಗಿನ ಹವೆಯಲ್ಲಿ ಡೆಕ್ಕಿನ ಮೇಲೆ ಗಂಟೆಗೆ 55 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ತಟ್ಟುವುದು ಸುಮಾರು ಮೈನಸ್ 15ರ ಚಳಿ. ಉಪ್ಪುನೀರು ಮೈನಸ್ 1.8 ಡಿಗ್ರಿಯ ಹೊತ್ತಿಗೆ ಹೆಪ್ಪುಗಟ್ಟುವುದರಿಂದ ಅಲೆಯ ತುಂತುರು ಉಕ್ಕಿನ ಮೇಲೆ ಮಂಜಿನ ಪದರವಾಗುತ್ತದೆ. ಅದನ್ನು ಗುದ್ದಿ, ಕೆರೆದು, ಗುಡಿಸಿ ತೆಗೆಯದಿದ್ದರೆ ವಿಮಾನದ ಚಕ್ರ ಜಾರುತ್ತದೆ, ಮಂಜಿನ ಚೂರು ಎಂಜಿನ್ ಬಾಯಿಗೆ ಹೋಗುತ್ತದೆ. ಎಂಜಿನ್‌ಗಳ ಅಬ್ಬರದಲ್ಲಿ ಕಿವಿಮುಚ್ಚಿಗೆ ತೊಟ್ಟವರಿಗೆ ಮಾತು ಕೇಳದು, ಕೈಸನ್ನೆಯೇ ಭಾಷೆ. ದಪ್ಪ ಕೈಗವಸು ಹಾಕಿದರೆ ಸರಪಳಿ ಬಿಗಿಯಲು, ಪಿನ್ ಕೀಳಲು ಬಾರದು. ತೆಗೆದರೆ ಬೆರಳು ಮರಗಟ್ಟುತ್ತದೆ. ಅಮೆರಿಕ 1946ರ ಮಾರ್ಚ್‌ನಲ್ಲಿ 'ಮಿಡ್‌ವೇ' ನೌಕೆಯನ್ನು ಡೇವಿಸ್ ಜಲಸಂಧಿಯ ಕಡೆಗೆ ಕಳಿಸಿದ್ದು ಇಂಥ ಕಷ್ಟಗಳನ್ನು ಅರಿಯಲೆಂದೇ. ಆ ಕಾರ್ಯಾಚರಣೆಯ ಹೆಸರೇ 'ಫ್ರಾಸ್ಟ್‌ಬೈಟ್'.

ಇದಕ್ಕೊಂದು ಆಕ್ಷೇಪ ಏಳಬಹುದು. ರಷ್ಯಾದ ಪರೀಕ್ಷೆಗಳಲ್ಲಿ ವಿಮಾನ ಹಾರಿಸಿದವರು ರಷ್ಯನ್ನರು. ಭಾರತೀಯ ಪೈಲಟ್ ತನ್ನ ಮಿಗ್ ಅನ್ನು ಈ ಡೆಕ್ಕಿಗೆ ಇಳಿಸಿದ್ದು 2014ರ ಫೆಬ್ರುವರಿಯಲ್ಲಿ, ನಮ್ಮ ಬೆಚ್ಚನೆಯ ಕಡಲಲ್ಲಿ. ಹಾಗಿದ್ದ ಮೇಲೆ ಹಿಮದ ಪಾಠ ನಮಗೇಕೆ? ಆಕ್ಷೇಪದಲ್ಲಿ ಹುರುಳಿದೆ. ತಣ್ಣನೆಯ ಗಾಳಿ ಸಾಂದ್ರವಾದ್ದರಿಂದ ಜೆಟ್ ಎಂಜಿನ್‌ಗೆ ನೂಕುಬಲ ಹೆಚ್ಚು. ವಿಕ್ರಮಾದಿತ್ಯದ ಮೇಲೆ ವಿಮಾನವನ್ನು ಚಿಮ್ಮಿಸುವ ಯಂತ್ರವಿಲ್ಲ, ಮೇಲಕ್ಕೆ ಬಾಗಿದ ಮೂತಿಯಿಂದ ವಿಮಾನ ಸ್ವಂತ ಬಲದಲ್ಲೇ ನೆಗೆಯಬೇಕು. ಅಂದರೆ ಚಳಿ ಯಂತ್ರಕ್ಕೆ ಅನುಕೂಲ, ಮನುಷ್ಯನಿಗೆ ಪ್ರತಿಕೂಲ; ಅರಬ್ಬಿ ಸಮುದ್ರದ ಸೆಕೆ ಇಬ್ಬರಿಗೂ ಒಗ್ಗದು. ಆದರೂ ಆಕ್ಷೇಪ ಒಂದು ಸಂಗತಿಯನ್ನು ಮರೆಯುತ್ತದೆ. 2013ರ ನವೆಂಬರ್ 16ರಂದು ಸೆವೆರೊದ್ವಿನ್ಸ್ಕ್‌ನಲ್ಲೇ ಹಡಗನ್ನು ಕೈಗೆತ್ತಿಕೊಂಡು, ಆ ತಿಂಗಳ ಕೊನೆಗೆ ಹೊರಟು, ಬಾರೆಂಟ್ಸ್ ಸಮುದ್ರದ ಬಿರುಗಾಳಿ ದಾಟಿಸಿ, 2014ರ ಜನವರಿಯಲ್ಲಿ ಕಾರವಾರ ಮುಟ್ಟಿಸಿದವರು ಕ್ಯಾಪ್ಟನ್ ಸೂರಜ್ ಬೆರ್ರಿಯವರ ಕೈಕೆಳಗಿನ ನಮ್ಮ ನಾವಿಕರೇ. ಇದು ಒಂದು ಹಡಗಿನ ಮಾತೂ ಅಲ್ಲ. ಮೊದಲ ವಿಕ್ರಾಂತ್ 1961ರ ಮಾರ್ಚ್‌ನಲ್ಲಿ ನಮ್ಮದಾದದ್ದು ಬೆಲ್‌ಫಾಸ್ಟ್‌ನಲ್ಲಿ. ವಿರಾಟ್ 1987ರಲ್ಲಿ ನಮ್ಮ ಕೈಸೇರುವ ಮೊದಲು 'ಹರ್ಮೀಸ್' ಆಗಿ 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ, ದಕ್ಷಿಣ ಅಟ್ಲಾಂಟಿಕ್‌ನ ಚಳಿಗಾಲದ ಹೊಸ್ತಿಲಲ್ಲಿ ಕಾದಾಡಿತ್ತು. 2022ರಲ್ಲಿ ಕೊಚ್ಚಿಯಲ್ಲಿ ಕಟ್ಟಿದ ಹೊಸ ವಿಕ್ರಾಂತ್ ಬರುವವರೆಗೆ ನಮ್ಮ ವಿಮಾನವಾಹಕಗಳೆಲ್ಲ ಚಳಿಯ ಕಡಲಲ್ಲಿ ಪಳಗಿ ಬಂದವೇ.

ಉಳಿಸಿಕೊಳ್ಳುವುದರಲ್ಲಿ ಮಾತ್ರ ನಾವು ಸೋತೆವು. ಮುಂಬೈಯಲ್ಲಿ ವಸ್ತುಸಂಗ್ರಹಾಲಯವಾಗಿದ್ದ ಹಳೆಯ ವಿಕ್ರಾಂತ್ ಅನ್ನು 2014ರಲ್ಲಿ ಒಡೆಯಲು ಕೊಟ್ಟೆವು. ವಿರಾಟ್ ಅಲಂಗ್‌ನ ಗುಜರಿಗೆ ಹೋಯಿತು. ಉಕ್ಕು ಹೋದರೆ ಹೋಗಲಿ, ಅದರ ಮೇಲೆ ದುಡಿದವರ ಅನುಭವವೂ ಜೊತೆಗೇ ಹೋಗುತ್ತಿದೆ. ಬೆಂಗಳೂರಿನಲ್ಲಿ ರೂಪುಗೊಂಡ ನೌಕಾ ತೇಜಸ್ 2020ರ ಜನವರಿ 11ರಂದು ವಿಕ್ರಮಾದಿತ್ಯದ ಮೇಲೆ ಇಳಿದಾಗ ಪೈಲಟ್ ಕಮೊಡೋರ್ ಜೈದೀಪ್ ಮಾವಳಂಕರ್ ಅವರ ಹೆಸರು ನಾಡಿಗೆಲ್ಲ ತಿಳಿಯಿತು, ತಿಳಿಯಬೇಕಾದ್ದೇ. ಅವರ ವಿಮಾನವನ್ನು ಹಿಡಿದು ನಿಲ್ಲಿಸಿದ ತಂತಿಯನ್ನು ಸಜ್ಜು ಮಾಡಿದವರ ಹೆಸರು ಎಲ್ಲಿಯೂ ಬರಲಿಲ್ಲ. ಘಾಟಿಯಲ್ಲಿ ಸುಬ್ರಹ್ಮಣ್ಯನ ಬೆನ್ನಿಗಿರುವ ನರಸಿಂಹನನ್ನು ಕಾಣಲು ಹಿಂದೆ ಕನ್ನಡಿ ಇಟ್ಟಿದ್ದಾರೆ. ಡೆಕ್ಕಿನ ಕೆಲಸಗಾರರಿಗೆ ಅಂಥ ಕನ್ನಡಿಯನ್ನು ಯಾರೂ ಇಟ್ಟಿಲ್ಲ. ಸೇನೆಯಲ್ಲಿ ಎಲ್ಲವೂ ತಂಡದ ಕೆಲಸ, ಒಬ್ಬೊಬ್ಬರ ಹೆಸರೇಕೆ ಎನ್ನುವವರಿದ್ದಾರೆ. ತಂಡವೆಂದ ಮೇಲೆ ಒಬ್ಬರ ಹೆಸರಷ್ಟೇ ಏಕೆ ಎಂಬುದೇ ಅದಕ್ಕೆ ಉತ್ತರ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ 'ಚಾಪಲ್' ಯುದ್ಧನೌಕೆ ನಿಂತಿದೆ, ಮಗ್ಗುಲಲ್ಲೇ ತುಪೊಲೆವ್ ವಿಮಾನವೂ ಇದೆ. ಡೆಕ್ಕಿನ ನಾವಿಕರಿಗೂ ಅಲ್ಲೊಂದು ಕೋಣೆ ಬೇಕು. ಅವರ ಅಂಗಿ, ಕೈಗವಸು, ಸನ್ನೆಗಳು, ಅವರದೇ ದನಿಯಲ್ಲಿ ದಾಖಲಿಸಿದ ಮಾತು ಅಲ್ಲಿರಬೇಕು. 2013ರ ಆ ಪಯಣದಲ್ಲಿದ್ದ ನಾವಿಕರು ಒಬ್ಬೊಬ್ಬರಾಗಿ ನಿವೃತ್ತರಾಗುವ ಕಾಲ ಇದು. ಜಿಲ್ಲಾಡಳಿತವೂ ನೌಕಾಪಡೆಯೂ ಈ ಕೆಲಸವನ್ನು ಈಗಲೇ ಕೈಗೆತ್ತಿಕೊಳ್ಳಲಿ.