ಮಾದರಿಗೆ ತಕ್ಕ ಪೀಠ

ಗುಡಿಗೆ ಅಧಿಷ್ಠಾನ ಹೇಗೋ ಮಾದರಿಗೆ ಪೀಠ ಹಾಗೆ. ನೋಡುವವರ ಕಣ್ಣು ಶಿಖರದ ಮೇಲೆ ನಿಲ್ಲುತ್ತದೆ. ಭಾರ ಬುಡದ ಮೇಲೆ ನಿಲ್ಲುತ್ತದೆ. ಶಾಲೆಯ ಮಕ್ಕಳು ಅಳತೆಗೊಪ್ಪುವ ಮಾದರಿಗಳನ್ನು ಶ್ರದ್ಧೆಯಿಂದ ಮಾಡುತ್ತಾರೆ, ಗಾಜಿನ ಪೆಟ್ಟಿಗೆಯನ್ನೂ ಹೊಂದಿಸುತ್ತಾರೆ. ಕೆಳಗಿನ ಮರದ ಪೀಠಕ್ಕೆ ಮಾತ್ರ ಸಿಕ್ಕ ಹಲಗೆಯೇ ಸಾಕೆಂದು ಭಾವಿಸುವುದುಂಟು. ಆ ತಪ್ಪನ್ನು ನಾನೇ ಒಮ್ಮೆ ಮಾಡಿದವನಾದ್ದರಿಂದ ಈ ನಾಲ್ಕು ಮಾತು.

ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ 11ನೆಯ ಶತಮಾನದ್ದು, ಕಲ್ಯಾಣದ ಚಾಲುಕ್ಯರ ಕಾಲದ ಬಳಪದ ಕಲ್ಲಿನ ಕಟ್ಟಡ. ಯರಗುಪ್ಪಿಯ ನಮ್ಮ ಹುಡುಗರು ಆರು ತಿಂಗಳು ದುಡಿದು ಅದರ ಮಾದರಿಯನ್ನು ಕಟ್ಟಿದರು. ನಾನು ಹಸಿ ಮಾವಿನ ಹಲಗೆಯನ್ನು ತರಿಸಿ, ಅದರಲ್ಲಿ ಗಾಡಿ ಕೊರೆಸಿ, ಗಾಜನ್ನು ಬಿಗಿಯಾಗಿ ಕೂರಿಸಿ ಅಂಟು ಹಾಕಿಸಿದೆ. ಚೈತ್ರದ ಬಿಸಿಲಿಗೆ ಹಲಗೆ ಕುಗ್ಗಿ ಡೊಂಕಾಯಿತು. ಒಂದು ಮಧ್ಯಾಹ್ನ ಗಾಜು ಸೀಳಿ ಶಿಖರದ ಮೇಲೆ ಬಿತ್ತು. ಹುಡುಗರು ನನ್ನನ್ನು ಏನೂ ಅನ್ನಲಿಲ್ಲ; ಚೂರುಗಳನ್ನು ಆರಿಸತೊಡಗಿದರು.

ಇದರ ಕಾರಣ ನಮ್ಮ ಹೊಲದಲ್ಲಿಯೇ ಇದೆ. ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಬಂದೊಡನೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮರವೂ ಹಾಗೆಯೇ, ಗಾಳಿಯ ತೇವವನ್ನು ಕುಡಿದು ಹಿಗ್ಗುತ್ತದೆ, ಬಿಟ್ಟು ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಅಡ್ಡಕ್ಕೆ ಮಾತ್ರ ಬಹಳ. 300 ಮಿ.ಮೀ. ಅಗಲದ ಸಾಗುವಾನಿ ಹಲಗೆ ಕೂಡ ಋತುವಿನಿಂದ ಋತುವಿಗೆ ಎರಡು ಮೂರು ಮಿ.ಮೀ. ಸರಿದಾಡಬಹುದು. ಗಾಜು ಹೀಗೆ ಸರಿಯದು. ಆದ್ದರಿಂದ ಮರವನ್ನು ಕಟ್ಟಿಹಾಕದೆ ಅದಕ್ಕೆ ಎಡೆ ಕೊಡುವುದೇ ಪೀಠ ಮಾಡುವವನ ಮುಖ್ಯ ವಿದ್ಯೆ.

ಮೊದಲು ಅಳತೆ. ಮಾದರಿ 300 × 200 ಮಿ.ಮೀ. ಇದ್ದರೆ ಸುತ್ತಲೂ 25 ಮಿ.ಮೀ. ಬಿಟ್ಟು ಪೆಟ್ಟಿಗೆಯ ಒಳಗನ್ನು 350 × 250 ಮಾಡಬೇಕು. 4 ಮಿ.ಮೀ. ಗಾಜಿನ ದಪ್ಪವನ್ನು ಕೂಡಿಸಿ, ಅದರ ಹೊರಗೆ ಮತ್ತೆ 25 ಮಿ.ಮೀ. ಅಂಚು ಬಿಟ್ಟರೆ ಪೀಠ 408 × 308 ಆಗುತ್ತದೆ.

ಮರಕ್ಕೆ ಹಳಿಯಾಳ, ದಾಂಡೇಲಿಗಳ ಕಡೆಯ ಒಣ ಸಾಗುವಾನಿ ಉತ್ತಮ. ದಪ್ಪ 20ರಿಂದ 25 ಮಿ.ಮೀ. ಸಾಕು. ಪೀಠ ಇರಬೇಕಾದ ಕೋಣೆಯಲ್ಲಿಯೇ ಹಲಗೆಗಳ ನಡುವೆ ಕಡ್ಡಿಗಳನ್ನಿಟ್ಟು ಕೆಲವು ವಾರ ಗಾಳಿಯಾಡಲು ಬಿಡಬೇಕು. ವಾರಕ್ಕೊಮ್ಮೆ ತೂಗಬೇಕು; ತೂಕ ಇಳಿಯುವುದು ನಿಂತ ಮೇಲೆ ಕೆಲಸಕ್ಕೆ ಕೈಹಾಕಬೇಕು. ಒಂದೇ ಅಗಲ ಹಲಗೆಗಿಂತ ಮೂರು ಕಿರು ಹಲಗೆಗಳನ್ನು ಅಂಚಿಗಂಚು ಜೋಡಿಸುವುದು ಮೇಲು. ಸಾಗುವಾನಿಯಲ್ಲಿ ಎಣ್ಣೆಯ ಅಂಶವಿರುವುದರಿಂದ ಅಂಟು ಹಚ್ಚುವ ಮುನ್ನ ಅಂಚನ್ನು ಸ್ಪಿರಿಟ್ಟಿನಿಂದ ಒರೆಸಬೇಕು.

ಗಾಜು ನಿಲ್ಲುವ ಗಾಡಿಯ ಆಳ 6 ಮಿ.ಮೀ. ಇರಲಿ, ಅಗಲ ಮಾತ್ರ 4 ಅಲ್ಲ, 7. ಎರಡೂ ಬದಿಗೆ ಒಂದೂವರೆ ಮಿ.ಮೀ. ಎಡೆ ಉಳಿಯಬೇಕು. ತಳದಲ್ಲಿ ತೆಳುವಾದ ಉಣ್ಣೆಬಟ್ಟೆಯನ್ನು ಹಾಸಿ, ಗಾಜಿನ ಪೆಟ್ಟಿಗೆಯನ್ನು ಅಂಟಿಲ್ಲದೆ ಇಳಿಸಬೇಕು. ಹಲಗೆ ಡೊಂಕಾಗದಂತೆ ಕೆಳಗೆ ಎಳೆಗೆ ಅಡ್ಡವಾಗಿ ಎರಡು ಪಟ್ಟಿಗಳನ್ನು ತಿರುಪಿನಿಂದ ಹಿಡಿಸಬೇಕು. ಪ್ರತಿ ಪಟ್ಟಿಯ ನಡುವಿನ ತಿರುಪು ಬಿಗಿ. ತುದಿಯ ತಿರುಪುಗಳಿಗೆ ಪಟ್ಟಿಯಲ್ಲಿ ಉದ್ದನೆಯ ರಂಧ್ರ. ಪಟ್ಟಿಗೂ ಅಂಟು ಬೇಡ. ಮಾದರಿಯನ್ನು ಕೆಳಗಿನಿಂದ ಪೀಠದ ನಡುಭಾಗಕ್ಕೆ ಮಾತ್ರ ಹಿಡಿಸಬೇಕು.

ಕೊನೆಗೆ ಬಣ್ಣ. ಕಲಘಟಗಿಯ ತೊಟ್ಟಿಲುಗಳ ಮೇಲಿನ ಅರಗಿನ ಹೊಳಪನ್ನು ನಮ್ಮ ಕಡೆಯವರೆಲ್ಲ ಬಲ್ಲರು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ತೆಳುವಾಗಿ ಮೂರು ನಾಲ್ಕು ಸಲ ಬಳಿದರೆ ಸಾಕು. ಮೇಲೆ ಬಳಿದಷ್ಟನ್ನೇ ಕೆಳಗೂ ಬಳಿಯಬೇಕು. ಒಂದೇ ಮೈಗೆ ಬಳಿದರೆ ಎರಡು ಮೈಗಳು ಬೇರೆಬೇರೆ ವೇಗದಲ್ಲಿ ತೇವವನ್ನು ಕುಡಿದು ಹಲಗೆ ಬಾಗುತ್ತದೆ.

ಮುಂದಿನ ಅಂಚಿನಲ್ಲಿ ದೇವಾಲಯದ ಹೆಸರು, ಊರು, ಕಾಲ, ಪ್ರಮಾಣ ಇವುಗಳನ್ನು ಶುದ್ಧವಾದ ಕನ್ನಡದಲ್ಲಿ ಬರೆಯಿಸಬೇಕು. ನಮ್ಮ ಎರಡನೆಯ ಪೀಠದಲ್ಲಿ ಇವುಗಳ ಕೆಳಗೆ, ಶಿಖರವನ್ನು ಮತ್ತೆ ಕಟ್ಟಿದ ಹುಡುಗರ ಹೆಸರುಗಳೂ ಇವೆ. ಅದು ಹಲವು ಬೇಸಿಗೆಗಳನ್ನು ಕಂಡಿದೆ, ಗಾಜು ಸೀಳಿಲ್ಲ.