ಮಾವನ ಮೋಟ್ರು ಮೂರು ಸಲ ಸುಟ್ಟಿದ್ದು ಯಾಕೆ? ಬಿಡದಿಯಿಂದ ಒಂದು ‘ಯಾಕೆ’ ಪಾಠ

ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬಿಡದಿ ಹತ್ತಿರದ ಊರಿಂದ ಸೋದರಮಾವ ಫೋನ್ ಮಾಡಿದ್ರು. ‘ಮೋಟ್ರು ಮತ್ತೆ ಸುಟ್ಟೋಯ್ತು ಕಣ್ಲಾ. ತೋಟ ಬಾಡ್ತಾ ಐತೆ. ಹುಳ ನಾಲ್ಕನೇ ಜ್ವರಕ್ಕೆ ಹೋಗವೆ, ಏಳೋ ಹೊತ್ಗೆ ಸೊಪ್ಪು ಬೇಕು. ಏನ್ ಮಾಡನ?’

ರೇಷ್ಮೆ ಸಾಕದವರಿಗೆ ಒಂದು ಮಾತು: ರೇಷ್ಮೆಹುಳ ಗೂಡು ಕಟ್ಟೋ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತೆ. ಆಗ ಮೇವು ಬಿಟ್ಟು ಸುಮ್ಮನೆ ಇರುತ್ತೆ, ಅದನ್ನೇ ನಮ್ಮ ಕಡೆ ‘ಜ್ವರ’ ಅನ್ನೋದು. ನಾಲ್ಕನೇ ಜ್ವರದಿಂದ ಎದ್ದ ಹುಳ ತಿನ್ನೋ ಸೊಪ್ಪಿನ ಮುಂದೆ ಅದುವರೆಗೆ ತಿಂದಿದ್ದು ಏನೂ ಅಲ್ಲ. ಆ ವಾರ ತೋಟ ಕೈಕೊಟ್ಟರೆ ಬೆಳೆನೇ ಕೈಕೊಟ್ಟ ಹಾಗೆ.

ಹದಿನಾಲ್ಕು ತಿಂಗಳಲ್ಲಿ ಅದು ಮೂರನೇ ಸಲ. ಪ್ರತಿ ಸಲ ಬೋರಿಂದ ಮೋಟ್ರು ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋ ಹೊತ್ತಿಗೆ ಹದಿನೈದು ಸಾವಿರದ ಹತ್ತಿರ ಖರ್ಚು. ಮನೆಯಲ್ಲಿ ಆಗಲೇ ಮೂರು ಪಕ್ಷ ಆಗಿದ್ದವು. ಮಾವನದು ‘ಇದೊಂದ್ ಸಲ ವೈಂಡಿಂಗ್ ಮಾಡ್ಸಿಬಿಡನ’. ಮಾವನ ಮಗನದು ‘ಸಾಲ ಮಾಡಿಯಾದ್ರೂ ಬೇರೆ ಬೋರು ಹಾಕ್ಸನ’. ಅತ್ತೆಯದು ‘ಹುಳನೇ ಬಿಟ್ಬಿಡನ, ಟೌನ್‌ಶಿಪ್ಪು ಅಂತ ಬಂದು ಜಮೀನೇ ಹೋದ್ರೆ ಇದೆಲ್ಲ ಯಾಕೆ?’

ಮೂರೂ ಉತ್ತರಗಳೇ. ಆದರೆ ಪ್ರಶ್ನೆ ಏನು ಅಂತ ಯಾರೂ ಕೇಳಿರಲಿಲ್ಲ.

ನಮ್ಮೂರ ಪಕ್ಕದಲ್ಲೇ ಇದ್ದ ಪ್ರಶ್ನೆ

ಮಾವನ ಮನೆಯಿಂದ ಬೈಕಲ್ಲಿ ಸ್ವಲ್ಪ ಹೊತ್ತು ಹೋದರೆ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಸಿಗುತ್ತೆ. 1997ರಲ್ಲಿ ಹುಟ್ಟಿದ ಕಂಪನಿ, ಮೊದಲು ಕ್ವಾಲಿಸ್, ಆಮೇಲೆ ಇನ್ನೋವಾ ತಯಾರಿಸಿತು. ಬಿಡದಿ ಅಂದರೆ ತಟ್ಟೆ ಇಡ್ಲಿ ಅಂತಿದ್ದ ಜನ ‘ಟೊಯೊಟಾ ಬಿಡದಿ’ ಅನ್ನೋಕೆ ಶುರು ಮಾಡಿದ್ದು ಆಗಲೇ. ಇವತ್ತು ಜಗತ್ತಿನ ಆಸ್ಪತ್ರೆಗಳು, ಸಾಫ್ಟ್‌ವೇರ್ ಕಂಪನಿಗಳು ಎಲ್ಲವೂ ಬಳಸೋ ಒಂದು ಸರಳ ವಿಧಾನ ಬಂದಿದ್ದು ಇದೇ ಟೊಯೊಟಾದ ಜಪಾನಿನ ಶೆಡ್‌ಗಳಿಂದ. ಅದರ ಹೆಸರು ‘ಐದು ಯಾಕೆ’.

ಇದರ ಮೂಲಪುರುಷ ಅಂತ ಹೇಳೋದು ಸಕಿಚಿ ಟೊಯೊಡಾ ಅವರನ್ನ. ಅವರು ಕಾರು ಮಾಡಿದವರಲ್ಲ, ಮಗ್ಗ ಮಾಡಿದವರು. ಒಂದು ಎಳೆ ಹರಿದರೆ ತಾನಾಗೇ ನಿಂತುಬಿಡೋ ಮಗ್ಗ. ಹರಿದ ಎಳೆಯಲ್ಲೇ ನೇಯ್ದುಕೊಂಡು ಹೋಗಿ ಮೀಟರ್‌ಗಟ್ಟಲೆ ಬಟ್ಟೆ ಕೆಡಿಸೋ ಬದಲು, ತಪ್ಪಾದ ಕೂಡಲೇ ನಿಲ್ಲು, ಯಾಕೆ ಅಂತ ನೋಡು, ಆಮೇಲೆ ಮುಂದೆ ಹೋಗು. ಮುಂದೆ ತೈಇಚಿ ಓನೋ ಅನ್ನೋ ಎಂಜಿನಿಯರ್ ಇದನ್ನ ಕಾರು ತಯಾರಿಕೆಗೆ ತಂದರು.

ಓನೋ ಕೊಡೋ ಉದಾಹರಣೆ ಹೆಚ್ಚುಕಮ್ಮಿ ನಮ್ಮ ಮಾವನ ಕಥೆನೇ. ಒಂದು ಯಂತ್ರ ನಿಂತುಹೋಯ್ತು. ಯಾಕೆ? ಲೋಡ್ ಜಾಸ್ತಿಯಾಗಿ ಫ್ಯೂಸ್ ಹೋಯ್ತು. ಯಾಕೆ? ಬೇರಿಂಗ್‌ಗೆ ಎಣ್ಣೆ ಸಾಲಲಿಲ್ಲ. ಯಾಕೆ? ಎಣ್ಣೆ ಪಂಪು ಸರಿಯಾಗಿ ಎತ್ತುತ್ತಿರಲಿಲ್ಲ. ಯಾಕೆ? ಪಂಪಿನ ಶಾಫ್ಟ್ ಸವೆದಿತ್ತು. ಯಾಕೆ? ಜರಡಿ ಹಾಕಿರಲಿಲ್ಲ, ಲೋಹದ ಚೂರು ಒಳಗೆ ಹೋಗಿತ್ತು. ಮೊದಲ ‘ಯಾಕೆ’ಗೆ ನಿಂತಿದ್ದರೆ ಫ್ಯೂಸ್ ಬದಲಾಯಿಸಿ ಮನೆಗೆ ಹೋಗುತ್ತಿದ್ದರು. ಮುಂದಿನ ತಿಂಗಳು ಮತ್ತೆ ಅದೇ ಫ್ಯೂಸ್.

ಮಾವ ಹದಿನಾಲ್ಕು ತಿಂಗಳಿಂದ ಫ್ಯೂಸ್ ಬದಲಾಯಿಸ್ತಾ ಇದ್ರು.

ರಾತ್ರಿ ಒಂದು ಗಂಟೆಗೆ ಪಂಪ್‌ಹೌಸಲ್ಲಿ

ಐದು ಯಾಕೆಗೂ ಮುಂಚೆ ಟೊಯೊಟಾದವರ ಇನ್ನೊಂದು ನಿಯಮ ಇದೆ: ಕೂತಲ್ಲೇ ಊಹೆ ಮಾಡಬೇಡ, ತೊಂದರೆ ಆದ ಜಾಗಕ್ಕೇ ಹೋಗಿ ಕಣ್ಣಾರೆ ನೋಡು. ನಮ್ಮಲ್ಲೂ ಇದೆಯಲ್ಲ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ.

ಆ ಸಲಕ್ಕೆ ವೈಂಡಿಂಗ್ ಮಾಡಿಸದೆ ದಾರಿ ಇರಲಿಲ್ಲ. ಮಾಡಿಸಿದ್ವಿ. ಆದರೆ ಮೋಟ್ರು ಇಳಿಸಿದ ರಾತ್ರಿ ನಾನೂ ಮಾವನೂ ಪಂಪ್‌ಹೌಸಲ್ಲಿ ಚಾಪೆ ಹಾಕಿಕೊಂಡು ಕೂತ್ವಿ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ, ಅದೂ ಪಾಳಿ ಮೇಲೆ. ಆ ವಾರ ರಾತ್ರಿ ಪಾಳಿ. ಒಂದೂ ಹತ್ತಕ್ಕೆ ಆಟೋ ಸ್ಟಾರ್ಟರ್ ‘ಟಕ್’ ಅಂತು. ನೀರು ಪೈಪ್ ತುಂಬ ಬಂತು. ಆಂಪಿಯರ್ ಮೀಟರ್ ಮುಳ್ಳು 13ರಲ್ಲಿ ನಿಂತಿತ್ತು. ಐವತ್ತು ನಿಮಿಷ ಆದ ಮೇಲೆ ಪೈಪು ಕೆಮ್ಮೋಕೆ ಶುರು ಮಾಡ್ತು. ಗಾಳಿ, ಸ್ವಲ್ಪ ನೀರು, ಮತ್ತೆ ಗಾಳಿ. ಮುಳ್ಳು 8ಕ್ಕೆ ಇಳೀತು. ನೀರು ನಿಂತೇಹೋಯ್ತು. ಮೋಟ್ರು ಮಾತ್ರ ಓಡ್ತಾನೇ ಇತ್ತು. ನಾನು ಓಡಿಹೋಗಿ ಆಫ್ ಮಾಡಿದೆ.

ಮಾವ ಸುಮ್ಮನೆ ಪೈಪ್ ನೋಡ್ತಾ ನಿಂತಿದ್ರು. ‘ಅಂದ್ರೆ ದಿನಾ ರಾತ್ರಿ ನಾವು ಮಲಗಿದ್ದಾಗ ಹಿಂಗೇ ಓಡ್ತಿತ್ತೇನ್ಲಾ?’

ಮಾರನೇ ದಿನ ಹಾಳೆ ತಗೊಂಡು ಕೂತು ಬರೆದ್ವಿ.

ಮೋಟ್ರು ಸುಟ್ಟಿದ್ದು ಯಾಕೆ? ನೀರಿಲ್ಲದೆ ಓಡಿದ್ದಕ್ಕೆ. ಸಬ್‌ಮರ್ಸಿಬಲ್ ಮೋಟ್ರು ತಣ್ಣಗಿರೋದೇ ಸುತ್ತ ಹರಿಯೋ ನೀರಿಂದ. ನೀರು ಹರಿಯದಿದ್ದರೆ ಬಿಸಿಯಾಗಿ ವೈಂಡಿಂಗ್ ಸುಡುತ್ತೆ.

ನೀರಿಲ್ಲದೆ ಓಡಿದ್ದು ಯಾಕೆ? ಬೋರಲ್ಲಿ ಈಗ ಒಂದು ಗಂಟೆಗೂ ಕಮ್ಮಿ ನೀರು. ಆಮೇಲೆ ಅದು ಊರೋಕೆ ಟೈಮ್ ಬೇಕು.

ನಿಲ್ಲಿಸೋರು ಯಾಕೆ ಇರಲಿಲ್ಲ? ಕರೆಂಟು ರಾತ್ರಿ ಬರುತ್ತೆ, ಆಟೋ ತಾನೇ ಸ್ಟಾರ್ಟ್ ಮಾಡುತ್ತೆ, ಮನುಷ್ಯರು ಮಲಗಿರ್ತಾರೆ.

ಸ್ಟಾರ್ಟರ್ ಆದರೂ ಯಾಕೆ ನಿಲ್ಲಿಸಲಿಲ್ಲ? ಇಲ್ಲೇ ಇದ್ದಿದ್ದು ಗುಟ್ಟು. ಸ್ಟಾರ್ಟರ್ ಒಳಗಿನ ಓವರ್‌ಲೋಡ್ ರಿಲೇ ಕರೆಂಟು ಜಾಸ್ತಿ ಎಳೆದರೆ ಮಾತ್ರ ಟ್ರಿಪ್ ಆಗೋದು. ನೀರಿಲ್ಲದೆ ಓಡುವಾಗ ಮೋಟ್ರಿಗೆ ಭಾರ ಇರಲ್ಲ, ಕರೆಂಟು ಕಮ್ಮಿಯಾಗುತ್ತೆ. ರಿಲೇ ಲೆಕ್ಕದಲ್ಲಿ ಎಲ್ಲ ಕ್ಷೇಮ. ಕಾವಲುಗಾರ ಇದ್ದ, ಆದರೆ ಅವನು ಕಾಯ್ತಿದ್ದಿದ್ದು ಬೇರೆ ಬಾಗಿಲನ್ನ.

ಕರೆಂಟು ಕಮ್ಮಿಯಾದಾಗ ನಿಲ್ಲಿಸೋ ಡ್ರೈ ರನ್ ರಿಲೇ ಮಾರ್ಕೆಟ್ಟಲ್ಲಿ ಸಿಗುತ್ತಲ್ಲ, ಯಾಕೆ ಹಾಕಿರಲಿಲ್ಲ? ಯಾಕಂದ್ರೆ ಮೋಟ್ರು ಎತ್ತೋರು ಎತ್ತಿದ್ರು, ವೈಂಡಿಂಗ್‌ನವರು ತಂತಿ ಸುತ್ತಿದ್ರು, ಎಲೆಕ್ಟ್ರಿಷಿಯನ್ ‘ಲೋ ವೋಲ್ಟೇಜ್’ ಅಂದ್ರು, ಮಾವ ದುಡ್ಡು ಕೊಟ್ರು. ನಾಲ್ಕು ಜನಕ್ಕೂ ಕಥೆಯ ಒಂದೊಂದು ತುಂಡು ಗೊತ್ತಿತ್ತು. ಪೂರ್ತಿ ಕಥೆ ಯಾರ ಹತ್ರವೂ ಇರಲಿಲ್ಲ. ಯಾವತ್ತು ಸುಡ್ತು, ಅವತ್ತು ಹಗಲು ಪಾಳಿಯೋ ರಾತ್ರಿ ಪಾಳಿಯೋ, ಎಲ್ಲೂ ಬರೆದಿಟ್ಟಿರಲಿಲ್ಲ.

ಹದಿನೈದು ಸಾವಿರದ ರೋಗಕ್ಕೆ ಮದ್ದು ಮೂರೂವರೆ ಸಾವಿರದ ಒಂದು ಪೆಟ್ಟಿಗೆ, ಜೊತೆಗೆ ಒಂದು ನೋಟ್‌ಬುಕ್.

‘ಯಾರು’ ಬಂದರೆ ‘ಯಾಕೆ’ ಸಾಯುತ್ತೆ

ಇದನ್ನ ಓದಿ ‘ಐದು ಯಾಕೆ’ ಮಂತ್ರದಂಡ ಅಂದ್ಕೊಬೇಡಿ. ಮೆಕ್ಯಾನಿಕಲ್ ಓದಿ ಪತ್ರಿಕೋದ್ಯಮಕ್ಕೆ ಬರೋ ಮುಂಚೆ ಎರಡು ವರ್ಷ ನಾನು ಬಿಡಿಭಾಗ ಮಾಡೋ ಒಂದು ಸಣ್ಣ ಕಂಪನಿಯಲ್ಲಿದ್ದೆ. ಅಲ್ಲೂ ಐದು ಯಾಕೆ ಫಾರಂ ಇತ್ತು. ನಾನೇ ನೂರಾರು ತುಂಬಿದ್ದೇನೆ. ಮುಕ್ಕಾಲು ಪಾಲು ಫಾರಂಗಳ ಕೊನೆಯ ಸಾಲು ಒಂದೇ: ‘ಆಪರೇಟರ್ ನಿರ್ಲಕ್ಷ್ಯ. ಮರುತರಬೇತಿ ಕೊಡಲಾಗಿದೆ.’ ಎರಡು ಪಾಳಿ ಸೇರಿಸಿ ದುಡಿದ ಹುಡುಗ ನಿದ್ದೆಗಣ್ಣಲ್ಲಿ ಭಾಗ ತಿರುಗಾಮುರುಗಾ ಇಟ್ಟಿದ್ದ. ಎರಡು ಪಾಳಿ ಯಾಕೆ ದುಡಿದ ಅನ್ನೋ ಆರನೇ ಯಾಕೆಗೆ ಫಾರಂನಲ್ಲಿ ಜಾಗ ಇರಲಿಲ್ಲ. ನಾನೂ ಕೇಳಲಿಲ್ಲ.

ಅವತ್ತು ಕಲಿತ ಪಾಠ ಇದು: ಉತ್ತರದಲ್ಲಿ ಒಬ್ಬ ಮನುಷ್ಯನ ಹೆಸರು ಬಂದರೆ, ನೀವು ಬೇಗ ನಿಂತಿದ್ದೀರಿ ಅಂತ ಅರ್ಥ. ‘ಮಾವ ಆಫ್ ಮಾಡೋದು ಮರೆತರು’ ಅಂತ ಬರೆದಿದ್ದರೆ ನಾಲ್ಕನೇ ಸಲ ಸುಡೋದು ಗ್ಯಾರಂಟಿ.

ವಿಧಾನಕ್ಕೆ ಇನ್ನೂ ಮಿತಿಗಳಿವೆ. ಆಸ್ಪತ್ರೆಗಳ ಸುರಕ್ಷತೆಯನ್ನ ಅಧ್ಯಯನ ಮಾಡೋ ಅಲನ್ ಕಾರ್ಡ್ 2017ರಲ್ಲಿ ಇದರ ಮೇಲೆ ಕಟುವಾಗಿ ಬರೆದರು. ಒಂದು ತೊಂದರೆಗೆ ಹಲವು ಬೇರು ಇರುತ್ತವೆ, ಐದು ಯಾಕೆ ಒಂದೇ ಬೇರು ಹಿಡಿದು ಹೋಗುತ್ತೆ ಅನ್ನೋದು ಅವರ ತಕರಾರಿನ ತಿರುಳು. ಸರಿಯಾದ ಮಾತು. ನಮ್ಮ ಹಾಳೆಯಲ್ಲೂ ಎರಡು ಕವಲು ಹಾಗೇ ಉಳಿದಿದ್ದವು. ಬೋರಲ್ಲಿ ನೀರು ಇಳಿದಿದ್ದು ಯಾಕೆ? ರೈತನಿಗೆ ರಾತ್ರಿ ಕರೆಂಟು ಯಾಕೆ? ಇವಕ್ಕೆ ಪೆಟ್ಟಿಗೆಯಲ್ಲಿ ಉತ್ತರ ಇಲ್ಲ. ಮೊದಲನೆಯದು ಒಬ್ಬೊಬ್ಬರೂ ಬೋರು ಕೊರೆಸಿದ ಊರಿನ ಕಥೆ, ಬೆಂಗಳೂರಿನ ಕೊಳಚೆ ಹೊತ್ತು ಬರೋ ವೃಷಭಾವತಿಯಿಂದ ಕೆಟ್ಟ ಬೈರಮಂಗಲ ಕೆರೆಯ ಕಥೆ. ಎರಡನೆಯದು ವಿದ್ಯುತ್ ನೀತಿ. ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಹತ್ತಿರ ಸೋಲಾರ್ ಹಾಕಿ ಪಂಪ್‌ಸೆಟ್ ಫೀಡರ್‌ಗೆ ಹಗಲಲ್ಲೇ ಕರೆಂಟು ಕೊಡೋ ದಾರಿ ಇದೆ. ನಮ್ಮ ಫೀಡರ್‌ಗೆ ಅದು ಯಾವಾಗ ಅಂತ ಕೇಳಬೇಕಾಗಿರೋದು ವಿದ್ಯುತ್ ಅದಾಲತ್‌ನಲ್ಲಿ, ಗ್ರಾಮಸಭೆಯಲ್ಲಿ.

ಹಾಗಾಗಿ ಹಾಳೆ ಮಧ್ಯೆ ಒಂದು ಗೆರೆ ಎಳೆಯಿರಿ. ಒಂದು ಕಡೆ ಭಾನುವಾರದೊಳಗೆ ನಾನೇ ಸರಿ ಮಾಡಬಹುದಾದ ಯಾಕೆಗಳು. ಇನ್ನೊಂದು ಕಡೆ ಹತ್ತು ಜನ ಸೇರಿ ಕೇಳಬೇಕಾದ ಯಾಕೆಗಳು. ಎರಡನೆಯದನ್ನ ಒಬ್ಬನೇ ತಲೆ ಮೇಲೆ ಹೊತ್ತುಕೊಂಡರೆ ಸೋತುಹೋಗ್ತೀವಿ. ಮೊದಲನೆಯದಕ್ಕೂ ವ್ಯವಸ್ಥೆಯನ್ನೇ ಬೈಕೊಂಡು ಕೂತರೆ ಮೋಟ್ರು ಸುಡುತ್ತೆ.

ಹಗ್ಗ ಎಳೆಯೋ ಹಕ್ಕು

ಟೊಯೊಟಾ ಪದ್ಧತಿಯಲ್ಲಿ ತಪ್ಪು ಕಂಡ ಕಾರ್ಮಿಕ ಹಗ್ಗ ಎಳೆದು ಸೂಚನೆ ಕೊಡಬಹುದು, ಅಗತ್ಯ ಬಿದ್ದರೆ ಇಡೀ ಲೈನ್ ನಿಲ್ಲುತ್ತೆ. ಅದರ ಜೀವಾಳ ಇರೋದೇ ಅಲ್ಲಿ: ತೊಂದರೆ ಕಂಡವನಿಗೆ ಅದನ್ನ ಹೇಳೋ ಹಕ್ಕಿರಬೇಕು.

2020ರ ನವೆಂಬರ್‌ನಲ್ಲಿ ಇದೇ ಬಿಡದಿ ಕಾರ್ಖಾನೆಯಲ್ಲಿ ಒಬ್ಬ ನೌಕರನ ಅಮಾನತಿನಿಂದ ಶುರುವಾದ ಜಗಳ ಧರಣಿಯಾಗಿ, ಲಾಕೌಟ್ ಆಗಿ, ಮುಗಿಯೋ ಹೊತ್ತಿಗೆ 2021ರ ಮಾರ್ಚ್ ಬಂದಿತ್ತು. ಕೆಲಸದ ಒತ್ತಡ ತಡೆಯೋಕಾಗ್ತಿಲ್ಲ ಅಂತ ಕಾರ್ಮಿಕ ಸಂಘ ಹೇಳ್ತು. ಇದು ಅಶಿಸ್ತು ಅಂತ ಆಡಳಿತ ಮಂಡಳಿ ಹೇಳ್ತು. ಯಾರು ಸರಿ ಅನ್ನೋ ತೀರ್ಪು ಈ ಲೇಖನದ ಕೆಲಸ ಅಲ್ಲ. ನಾನು ಗಮನಿಸಿದ್ದು ಇಷ್ಟೇ: ಬೋಲ್ಟ್ ಯಾಕೆ ಸಡಿಲ ಅಂತ ಐದು ಸಲ ಕೇಳೋದು ಸುಲಭ. ದುಡಿಯೋನಿಗೆ ಯಾಕೆ ಸುಸ್ತು ಅಂತ ಎರಡು ಸಲ ಕೇಳೋದು ಕಷ್ಟ. ಕೇಳೋರ ಸ್ಥಾನ ಯಾವುದು ಅನ್ನೋದರ ಮೇಲೆ ಯಾಕೆ ಎಲ್ಲಿಗೆ ನಿಲ್ಲಬೇಕು ಅನ್ನೋದು ತೀರ್ಮಾನ ಆಗುತ್ತೆ. ಮನೆಯಲ್ಲೂ ಅಷ್ಟೇ. ‘ರಾತ್ರಿ ಮೋಟ್ರು ಸದ್ದು ಬೇರೆ ಥರ ಬರುತ್ತೆ’ ಅಂತ ಅತ್ತೆ ಎಷ್ಟೋ ಸಲ ಹೇಳಿದ್ರಂತೆ. ಹೆಂಗಸರಿಗೇನು ಗೊತ್ತಾಗುತ್ತೆ ಅಂತ ಯಾರೂ ಕಿವಿಗೆ ಹಾಕ್ಕೊಂಡಿರಲಿಲ್ಲ. ಆ ಮನೆಯಲ್ಲಿ ಮೊದಲು ಹಗ್ಗ ಎಳೆದಿದ್ದು ಅವರೇ.

ಬೋರು ಹಾಕ್ಸಬೇಕಾ, ಬೇಡ್ವಾ?

ಕಾರಣ ಹುಡುಕೋದು ಅರ್ಧ ಕೆಲಸ. ಇನ್ನರ್ಧ ತೀರ್ಮಾನ. ರಿಲೇ ಹಾಕಿದರೆ ಮೋಟ್ರು ಉಳಿಯುತ್ತೆ, ಆದರೆ ನೀರು ಜಾಸ್ತಿಯಾಗಲ್ಲ. ಮಾವನ ಮಗ ಹೊಸ ಬೋರಿನ ಲೆಕ್ಕ ತಂದಿದ್ದ: ಕೊರೆಸೋದು, ಕೇಸಿಂಗ್, ಪೈಪು, ಮೋಟ್ರು ಸೇರಿ ನಾಲ್ಕು ಲಕ್ಷದ ಮೇಲೆ. ನೀರು ಸಿಕ್ಕೇ ಸಿಗುತ್ತೆ ಅಂತಿಲ್ಲ.

ಇದರ ಮೇಲೆ ಟೌನ್‌ಶಿಪ್ ನೆರಳು. 2006ರಲ್ಲಿ ಶುರುವಾದ ಬಿಡದಿ ಟೌನ್‌ಶಿಪ್ ಮಾತು ಸರ್ಕಾರಗಳು ಬದಲಾದರೂ ಸತ್ತಿಲ್ಲ. 2025ರಲ್ಲಿ ಬೈರಮಂಗಲ, ಕಂಚುಗಾರನಹಳ್ಳಿ ಕಡೆಯ ಏಳು ಸಾವಿರ ಎಕರೆಗೂ ಮಿಕ್ಕ ಜಮೀನಿಗೆ ಪ್ರಾಥಮಿಕ ಅಧಿಸೂಚನೆ ಬಂತು. ರೈತರು ಧರಣಿ ಕೂತರು. ಮಾವನ ಸರ್ವೆ ನಂಬರ್ ಆ ಪಟ್ಟಿಯಲ್ಲಿ ಇಲ್ಲ. ಆದರೆ ಪಟ್ಟಿಯ ಗಡಿ ದೂರ ಇಲ್ಲ. ‘ಇವತ್ತು ಇಲ್ಲ. ನಾಳೆ?’ ಅನ್ನೋ ಒಂದೇ ಪ್ರಶ್ನೆ ಆ ಭಾಗದ ಎಷ್ಟೋ ಮನೆಗಳಲ್ಲಿ ಮದುವೆ, ಮನೆ ಕಟ್ಟೋದು, ಬೋರು, ಎಲ್ಲವನ್ನೂ ಹಿಡಿದು ನಿಲ್ಲಿಸಿದೆ.

ಇಂಥ ಕಡೆ ನಾನು ಮೂರು ಪ್ರಶ್ನೆ ಕೇಳ್ತೀನಿ. ಒಂದು, ಈ ತೀರ್ಮಾನ ವಾಪಸ್ ತಗೊಳ್ಳೋಕಾಗುತ್ತಾ? ರಿಲೇ ಬೇಡ ಅಂದರೆ ನಾಳೆ ಬಿಚ್ಚಿಡಬಹುದು. ಸಾವಿರ ಅಡಿ ಕೊರೆದ ತೂತು, ಮಾಡಿದ ಸಾಲ, ಕಿತ್ತ ಹಿಪ್ಪುನೇರಳೆ ತೋಟ ವಾಪಸ್ ಬರಲ್ಲ. ಎರಡು, ಕಾಯೋದಕ್ಕೆ ಎಷ್ಟು ಬೆಲೆ? ಒಂದು ವರ್ಷ ತಡ ಮಾಡಿದರೆ ಹುಳ ಕಮ್ಮಿ ಸಾಕಬೇಕಾಗುತ್ತೆ, ಅದಕ್ಕೊಂದು ಲೆಕ್ಕ ಇದೆ. ಮೂರು, ಕಾಯೋ ಹೊತ್ತಲ್ಲಿ ಏನು ತಿಳಿಯುತ್ತೆ? ಒಂದು ಮಳೆಗಾಲ ಕಳೆದರೆ ಬೋರಿನ ನೀರು ಏರುತ್ತಾ ಇಲ್ವಾ ಗೊತ್ತಾಗುತ್ತೆ. ಭೂಸ್ವಾಧೀನ ಯಾವ ದಿಕ್ಕಿಗೆ ಹೋಗುತ್ತೆ ಅನ್ನೋದೂ ಒಂದಿಷ್ಟು ಕಾಣುತ್ತೆ.

ವಾಪಸ್ ತಗೊಳ್ಳಬಹುದಾದ ತೀರ್ಮಾನ ಬೇಗ ಮಾಡಿ. ವಾಪಸ್ ಬಾರದ್ದನ್ನ ಅಳೆದು ಸುರಿದು ಮಾಡಿ. ನಾವು ಮಾಡೋದು ಉಲ್ಟಾ. ಮೊಬೈಲ್ ತಗೊಳ್ಳೋಕೆ ತಿಂಗಳುಗಟ್ಟಲೆ ರಿವ್ಯೂ ನೋಡ್ತೀವಿ. ಕೋರ್ಸು, ಸಾಲ, ಜಮೀನು ಮಾತ್ರ ಯಾರೋ ಹೇಳಿದ್ರು ಅಂತ ಒಂದು ಸಂಜೆಯಲ್ಲಿ ಮುಗಿಸ್ತೀವಿ.

ಕೊನೆಗೆ ಆದದ್ದು ಇಷ್ಟು. ಡ್ರೈ ರನ್ ರಿಲೇ ಬಂತು. ಐವತ್ತು ನಿಮಿಷ ಓಡಿ, ಎರಡು ಗಂಟೆ ನಿಂತು, ಮತ್ತೆ ಓಡೋ ಹಾಗೆ ಟೈಮರ್ ಹಾಕಿದ್ವಿ. ನೀರು ಹಾಯಿಸೋದು ಹೋಗಿ ಡ್ರಿಪ್ ಬಂತು. ಆ ಬೆಳೆಗೆ ಸೊಪ್ಪು ಸಾಲದೆ ಪಕ್ಕದ ತೋಟದಿಂದ ಕೊಂಡ್ವಿ. ಲಾಭ ಅಷ್ಟಕ್ಕಷ್ಟೇ. ಮುಂದಿನ ಬೆಳೆಗೆ ನೂರು ಮೊಟ್ಟೆ ಬದಲು ಅರವತ್ತು ತಂದರು. ಹೊಸ ಬೋರಿನ ಮಾತು ಒಂದು ಮಳೆಗಾಲ ಮುಂದಕ್ಕೆ ಹೋಯ್ತು. ಮಾವನ ಮಗನಿಗೆ ಇದು ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಇರಲಿ, ಅವನ ತಕರಾರೂ ನೋಟ್‌ಬುಕ್ಕಲ್ಲಿ ದಿನಾಂಕ ಸಮೇತ ಇದೆ. ಮುಂದಿನ ವರ್ಷ ಯಾರ ಲೆಕ್ಕ ಸರಿ ಅಂತ ನೋಡಬಹುದು.

ಆ ನೋಟ್‌ಬುಕ್ ಈಗ ಪಂಪ್‌ಹೌಸ್ ಗೋಡೆಗೆ ದಾರ ಕಟ್ಟಿ ನೇತಾಡ್ತಿದೆ. ಕರೆಂಟು ಬಂದ ಹೊತ್ತು, ನೀರು ಓಡಿದ ನಿಮಿಷ, ಆಂಪಿಯರ್ ಎಷ್ಟು. ಬರೆಯೋದು ಅತ್ತೆ. ಹೋದ ತಿಂಗಳು ಮಾವ ಆ ನೋಟ್‌ಬುಕ್ ಹಿಡ್ಕೊಂಡು ಅಕ್ಕಪಕ್ಕದ ತೋಟದ ಏಳು ಜನರನ್ನ ಕೂರಿಸಿಕೊಂಡು, ಹಗಲು ಕರೆಂಟಿಗೆ ಒಂದು ಅರ್ಜಿ ಬರೆಸಿದ್ದಾರೆ. ‘ಬರೀ ಬಾಯ್ ಮಾತಲ್ಲ ಕಣ್ಲಾ, ನಮ್ ತಾವ ಲೆಕ್ಕ ಐತೆ’ ಅಂದ್ರು ಫೋನಲ್ಲಿ.

ಮೋಟ್ರು ಓಡ್ತಾ ಇದೆ.